ಒಂಬತ್ತು ಮೊಳ ಐದು ಬೆರಳು

ಫೆಬ್ರವರಿ ಮೂರರ ಪುಟದ ತಳದಲ್ಲಿ ಎರಡು ಲೆಕ್ಕ ಬರೆದಿದ್ದೇನೆ. ಕಟ್ಟಿದ್ದು ಹತ್ತು. ಬಿಚ್ಚಿದ್ದು ಹತ್ತು. ಎರಡರ ಮುಂದೆಯೂ ಸರಿ ಗುರುತಿದೆ. ನಾನು ಡೈರಿ ಬರೆಯಲು ಹಿಡಿದು ಆರು ವರ್ಷವಾಯಿತು. ಮಳೆ ಬಂದ ದಿನ, ಬಸ್ ತಪ್ಪಿದ ದಿನ, ಓದಿದ ಪುಟ, ಅವ್ವ ನೇಯ್ದ ಮೊಳ, ಎಲ್ಲವೂ ಅದರಲ್ಲಿ ಅಂಕಿಯಾಗಿ ಕೂತಿವೆ. ಆದರೆ ಅಷ್ಟು ಚೆನ್ನಾಗಿ ತಾಳೆಯಾಗಿಯೂ ಅಷ್ಟು ತಪ್ಪಾಗಿದ್ದ ಲೆಕ್ಕ ಇನ್ನೊಂದಿಲ್ಲ.

ಗಜೇಂದ್ರಗಡದ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿ ನಮ್ಮ ಮನೆ. ನಡುಮನೆಯಲ್ಲಿ ನೆಲ ತೋಡಿ ಕೂರಿಸಿದ ಕುಣಿಮಗ್ಗ ಇದೆ. ಅವ್ವ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಮೂವತ್ತು ವರ್ಷದಿಂದ ಸೀರೆ ನೇಯುತ್ತಿದ್ದಾಳೆ. ನೂಲು ಕೊಡುವವರು ವ್ಯಾಪಾರಿಗಳು, ಸೀರೆ ಒಯ್ಯುವವರೂ ಅವರೇ. ಈ ಮೂವತ್ತು ವರ್ಷದಲ್ಲಿ ಅವಳ ಕೈಯ ಸೀರೆಯನ್ನು ನಮ್ಮ ಮನೆಯ ಯಾವ ಹೆಣ್ಣೂ ಉಟ್ಟಿರಲಿಲ್ಲ. ನಾವು ಉಡುತ್ತಿದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಮಿಲ್ಲಿನ ಸೀರೆ.

ಈ ವರ್ಷ ಅವ್ವ ಆ ರೂಢಿ ಮುರಿಯಲು ಹೊರಟಳು. ನರಗುಂದಕ್ಕೆ ಕೊಟ್ಟ ನಮ್ಮ ಅಕ್ಕ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ ಉಡಿಸಿ, ಕುಬಸ, ಅಂದರೆ ರವಿಕೆ, ತೊಡಿಸಿ, ಮಣೆಯ ಮೇಲೆ ಕೂರಿಸಿ ಆರತಿ ಮಾಡಬೇಕು. ಕುಬಸದ ಕಾರ್ಯ ಫೆಬ್ರವರಿ ಹದಿನಾರಕ್ಕೆ ಎಂದು ಗೊತ್ತಾಗಿತ್ತು. ಆ ಹಸಿರು ಸೀರೆಯನ್ನು ತಾನೇ ನೇಯುತ್ತೇನೆ ಎಂದು ಅವ್ವ ಜನವರಿಯಲ್ಲೇ ಹೇಳಿದ್ದಳು. ನೂಲು ತಾನೇ ಕೊಂಡು, ಗಿಣಿ ಹಸಿರಿಗಿಂತ ಒಂದು ಬಣ್ಣ ಗಾಢವಾಗಿ ಅದ್ದಿಸಿಕೊಂಡು ಬಂದಳು. ಸೆರಗಿಗೆ ಮಾತ್ರ ಕೆಂಪು ರೇಷ್ಮೆ, ಒಡಲೆಲ್ಲ ಹತ್ತಿ.

"ಮೂವತ್ತು ವರ್ಷ ಮಂದಿಗೆ ಉಡಿಸೇನಿ. ಒಂದ್ ಸಲ ಮಗಳಿಗೆ ಉಡಸ್ತೇನಿ. ಎಳಿ ಎಣಿಸಿ ನೋಡ್ಲಿ ಅವರತ್ತಿ, ಒಂದ ತಪ್ಪು ಸಿಗಬಾರ್ದು," ಎಂದಳು. ಅಕ್ಕನ ಅತ್ತೆ ಹೊಲಮನೆಯವರು, ಮಾತು ಖಡಕ್. ಮದುವೆಯಲ್ಲಿ ನಾವು ಕೊಟ್ಟ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ್ದನ್ನು ಅವ್ವ ಮರೆತಿರಲಿಲ್ಲ.

ಅದೇ ಹೊತ್ತಿಗೆ ನನಗೂ ಒಂದು ಕೆಲಸವಿತ್ತು. ನಾನು ರೋಣದಲ್ಲಿ ಬಿ.ಎಡ್. ಓದುತ್ತಿದ್ದೇನೆ. ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ನಾನು ಅಭ್ಯಾಸಪಾಠ ಮಾಡಬೇಕಿತ್ತು, ಹಿಂದಿನ ಬೆಂಚಿನಲ್ಲಿ ಸರ್ ಕೂತು ಅಂಕ ಹಾಕುತ್ತಾರೆ. ಫೆಬ್ರವರಿ ಒಂಬತ್ತಕ್ಕೆ ನನ್ನ ಪಾಲಿಗೆ ಬಂದ ವಿಷಯ, ವಿಶ್ವದ ಹುಟ್ಟು ಮತ್ತು ಸೌರವ್ಯೂಹದ ರಚನೆ. ಇಂಥ ಪಾಠಕ್ಕೆ ಎಲ್ಲರೂ ಥರ್ಮಾಕೋಲ್ ಚೆಂಡುಗಳಿಗೆ ಬಣ್ಣ ಹಚ್ಚಿ ತರುತ್ತಾರೆ. ಗ್ರಹಗಳು ಎಷ್ಟಿವೆ, ಯಾವುದರ ಬಣ್ಣ ಏನು ಎಂಬುದು ಅದರಿಂದ ತಿಳಿಯುತ್ತದೆ. ನನ್ನನ್ನು ಕಾಡುತ್ತಿದ್ದದ್ದು ಬೇರೆ. ವಿಶ್ವಕ್ಕೆ ಸುಮಾರು ಒಂದು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಎಂದು ಹಲಗೆಯ ಮೇಲೆ ಬರೆದರೆ ಅದು ಬರೀ ಸೊನ್ನೆಗಳ ಸಾಲು. ನನಗೇ ಅದು ಒಳಗೆ ಇಳಿದಿರಲಿಲ್ಲ. ಎಣಿಸಲಾಗದ್ದನ್ನು ಕಲಿಸುವುದು ಹೇಗೆ?

ಉತ್ತರ ಸಿಕ್ಕಿದ್ದು ಓಣಿಯಲ್ಲಿ. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಹಾಸನ್ನು ಬೆಳಗಿನ ತಂಪಿನಲ್ಲಿ ಓಣಿಯುದ್ದಕ್ಕೆ ಎಳೆದು ಕಟ್ಟಿ, ಗಂಜಿ ಸವರಿ, ಒಣಗಿಸಿ ಸುತ್ತಬೇಕು. ಫೆಬ್ರವರಿ ಮೂರರ ಬೆಳಿಗ್ಗೆ ಅಕ್ಕನ ಸೀರೆಯ ಹಾಸು ನಮ್ಮ ಬಾಗಿಲಿನಿಂದ ಬೇವಿನ ಮರದವರೆಗೆ ಹಸಿರಾಗಿ ಚಾಚಿಕೊಂಡಿತ್ತು. ನಾನು ಅಭ್ಯಾಸದಂತೆ ಅಳೆದೆ. ಹದಿನಾಲ್ಕು ಮೊಳ. ಮೊಳಕ್ಕೆ ನೂರು ಕೋಟಿ ವರ್ಷ ಎಂದು ಹಿಡಿದರೆ ಇಡೀ ವಿಶ್ವದ ಕಾಲ ಈ ಹಾಸಿನಲ್ಲಿ ಕೂರುತ್ತದೆ. ಐದು ಬೆರಳಷ್ಟು ಮಾತ್ರ ಮಿಗುತ್ತದೆ. (ಅವ್ವನ ಲೆಕ್ಕದಲ್ಲಿ ಮೊಳಕ್ಕೆ ಇಪ್ಪತ್ನಾಲ್ಕು ಬೆರಳು.)

"ಅವ್ವಾ, ಇದರ ಮ್ಯಾಲೆ ಗುರುತು ಕಟ್ಟಿ ನೋಡ್ಲಾ? ಈಗ ಬಿಚ್ಚಿಬಿಡ್ತೇನಿ."

"ಏನ್ ಗುರುತು?"

"ಜಗತ್ತು ಹುಟ್ಟಿದ್ದು, ನಕ್ಷತ್ರ ಹುಟ್ಟಿದ್ದು."

ಅವ್ವ ಗಂಜಿಯ ಕುಂಚ ಬಕೆಟಿನಲ್ಲಿ ಅದ್ದುತ್ತ ನನ್ನನ್ನು ನೋಡಿದಳು. "ಹಾಸು ಹಿಡ್ಯಾಕ ಬಂದವ್ರಿಗೆ ಚಾ ಮಾಡಿ ಬರ್ತೇನಿ. ಅಷ್ಟರಾಗ ಜಗತ್ತು ಮುಗಸು. ಒಣಗಿದ ಮ್ಯಾಲೆ ಸುತ್ತೂದೈತಿ."

ಚಹಾ ಕುದಿಯುವಷ್ಟು ಹೊತ್ತು ನನಗೆ ಸಿಕ್ಕಿತ್ತು. ಡೈರಿಯಲ್ಲಿ ಹತ್ತು ಸಾಲಿನ ಪಟ್ಟಿ ಮೊದಲೇ ಸಿದ್ಧವಿತ್ತು. ಬಾಗಿಲ ಕಡೆಯ ತುದಿ ಶುರು, ಬೇವಿನ ಮರದ ಕಡೆಯದು ಇವತ್ತು. ಮಿಕ್ಕ ಹಸಿರು ನೂಲಿನಿಂದಲೇ ತುಂಡು ಕತ್ತರಿಸಿ, ಒಂದೊಂದು ಜಾಗದಲ್ಲಿ ಅಂಚಿನ ಹತ್ತಿರದ ಕೆಲವು ಎಳೆಗಳನ್ನು ಕೂಡಿಸಿ ಗಂಟು ಹಾಕುತ್ತ ಹೋದೆ. ಮೊದಲನೆಯ ಗಂಟು ಮಹಾಸ್ಫೋಟ. ಮೊದಲ ನಕ್ಷತ್ರಗಳು ಅಲ್ಲಿಂದ ನಾಲ್ಕು ಬೆರಳಿನ ಆಸುಪಾಸು. ಆಮೇಲೆ ನಮ್ಮ ಆಕಾಶಗಂಗೆ ಸೇರಿ ಇನ್ನು ಮೂರು. ಅದಾದ ಮೇಲೆ ಮೊಳಗಟ್ಟಲೆ ಹಾಸು ಬರಿದಾಗಿಯೇ ಹೋಯಿತು. ಒಂಬತ್ತು ಮೊಳ ಐದು ಬೆರಳಿಗೆ ಬಂದಾಗ ಸೂರ್ಯ. ಓಣಿಯಲ್ಲಿ ನಿಂತು ಹಿಂದೆ ತಿರುಗಿ ನೋಡಿದೆ. ಬಾಗಿಲು ದೂರವಿತ್ತು, ಬೇವಿನ ಮರ ಹತ್ತಿರವಿತ್ತು. ಸೂರ್ಯ ಇಷ್ಟು ತಡವಾಗಿ ಬಂದವನು ಎಂಬುದು ನನಗೆ ಮೊದಲ ಸಲ ಕಾಲಿನಿಂದ ತಿಳಿಯಿತು.

ತಪ್ಪು ನಡೆದದ್ದು ಅಲ್ಲೇ. ಪಟ್ಟಿಯ ಆರನೆಯ ಸಾಲಿನಲ್ಲಿ 'ಸೂರ್ಯ, ಭೂಮಿ' ಎಂದು ಒಟ್ಟಿಗೆ ಬರೆದಿದ್ದೆ, ಪುಸ್ತಕದಲ್ಲಿ ಎರಡೂ ಒಂದೇ ಪ್ಯಾರಾದಲ್ಲಿದ್ದವು. ಗಂಟು ಹಾಕುವಾಗ ಅವುಗಳ ನಡುವೆ ಆರು ಕೋಟಿ ವರ್ಷವಿದೆ, ಅಂದರೆ ಒಂದು ಬೆರಳಿಗಿಂತ ಸ್ವಲ್ಪ ಹೆಚ್ಚು ಎಂದು ನೆನಪಾಯಿತು. ಸೂರ್ಯನದು ಕಟ್ಟಿದ್ದೆ. ಅದರ ಪಕ್ಕದಲ್ಲಿ ಭೂಮಿಗೂ ಒಂದು ಗಂಟು ಹಾಕಿದೆ. ಪಟ್ಟಿಯನ್ನು ತಿದ್ದಲಿಲ್ಲ.

ಅವ್ವ ಚಹಾ ತಂದಳು. ನಾನು ಪಟ್ಟಿ ಹಿಡಿದು ಒಂದೊಂದೇ ಸಾಲಿಗೆ ಒಂದೊಂದು ಗಂಟು ಬಿಚ್ಚಿದೆ. ಆರನೆಯ ಸಾಲಿನಲ್ಲಿ ಕೈಗೆ ಸಿಕ್ಕಿದ್ದು ಭೂಮಿ. ಹತ್ತು ಸಾಲು, ಹತ್ತು ಗಂಟು, ಸರಿ ಗುರುತು. ಹಸಿರು ಹಾಸಿನ ಅಡಿಭಾಗದಲ್ಲಿ ಹಸಿರು ಗಂಟಾಗಿ ಸೂರ್ಯ ಉಳಿದುಬಿಟ್ಟ. ಅವನ ಮೇಲೆ ಗಂಜಿ ಒಣಗಿತು. ಹಾಸನ್ನು ಸುತ್ತಿ ಒಳಗೆ ಒಯ್ದೆವು.

ಉಳಿದ ಹಸಿರು ನೂಲಿನ ಲಡಿಯನ್ನೂ ನಾನೇ ಕೇಳಿ ತೆಗೆದುಕೊಂಡೆ, ತರಗತಿಗೆ ಹದಿನಾಲ್ಕು ಮೊಳದ ಹುರಿ ಮಾಡಬೇಕಿತ್ತು. ಎಳೆ ಹರಿದರೆ ಜೋಡಿಸಲು ಅಂತ ನೇಕಾರರು ಅಷ್ಟು ನೂಲು ಇಟ್ಟುಕೊಂಡಿರುತ್ತಾರೆ.

"ನಿನಗ ಬೇಕಾಗೂದಿಲ್ಲೇನ?" ಎಂದೆ.

"ತಗೊಂಡ್ ಹೋಗು. ನನ್ನ ಮಗ್ಗದಾಗ ಎಳಿ ಹರಿಯೂದಿಲ್ಲ," ಎಂದಳು ಅವ್ವ. ಹತ್ತಿರವೇ ರಾಟೆಯಲ್ಲಿ ನೂಲು ಸುತ್ತುತ್ತಿದ್ದ ಆಯಿ, ಅಪ್ಪನ ತಾಯಿ, ಸೊಸೆಯ ಮಾತಿಗೆ ಬಾಯಿ ಸೊಟ್ಟ ಮಾಡಿದಳು. "ಕೇಳ್ರೆವ್ವಾ, ಕೇಳ್ರಿ. ಹರಿಯೂದಿಲ್ಲಂತ."

ನಾಲ್ಕು ಮತ್ತು ಐದನೆಯ ತಾರೀಖು ಆಯಿಯ ಕೆಲಸ. ಮಗ್ಗದಲ್ಲಿ ಹಿಂದಿನ ಸೀರೆ ಮುಗಿದಾಗ ಅದರ ಹಾಸಿನ ಕೊನೆಯ ಗೇಣನ್ನು ಹಾಗೇ ಬಿಟ್ಟಿರುತ್ತಾರೆ. ಎಳೆಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯುವ ಹಣಿಗೆಯಲ್ಲಿ ಅವು ಸಿಕ್ಕಿಸಿಕೊಂಡೇ ಇರುತ್ತವೆ. ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಯಿ ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಕೆಚ್ಚುತ್ತಾಳೆ, ಬೂದಿ ಇಲ್ಲದಿದ್ದರೆ ಎಳೆ ಜಾರುತ್ತದೆ. ಹಿಂದಿನ ಸೀರೆ ದಾಳಿಂಬೆ ಬಣ್ಣದ್ದಾಗಿತ್ತು. ಆ ಕೆಂಪಿಗೆ ಹಸಿರು ಸೇರುತ್ತ ಹೋಯಿತು.

ನಾನು ಪಕ್ಕದಲ್ಲಿ ಕೂತು ಪಾಠವನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. ಮೊದಲು ಎಲ್ಲವೂ ಒತ್ತಾಗಿ, ತಡೆಯಲಾರದಷ್ಟು ಬಿಸಿಯಾಗಿ ಇತ್ತು. ಅದು ಹಿಗ್ಗಿತು, ತಣ್ಣಗಾಯಿತು. ಮೊದಲ ಕೆಲವೇ ನಿಮಿಷಗಳಲ್ಲಿ ಉಂಟಾದದ್ದು ಹೈಡ್ರೋಜನ್, ಹೀಲಿಯಂ, ಮತ್ತೆ ಚೂರುಪಾರು. ಕಬ್ಬಿಣವಿಲ್ಲ, ಸುಣ್ಣವಿಲ್ಲ, ಇದ್ದಿಲಿಲ್ಲ. ಅವೆಲ್ಲ ಆಮೇಲೆ ನಕ್ಷತ್ರಗಳ ಹೊಟ್ಟೆಯಲ್ಲಿ ಬೆಂದವು. ಆ ನಕ್ಷತ್ರಗಳು ಸತ್ತಾಗ ಆಕಾಶದಲ್ಲಿ ಚೆದುರಿದವು. ಹಾಗೆ ಚೆದುರಿದ ಅನಿಲ ಮತ್ತು ಧೂಳಿನ ಒಂದು ಮೋಡ ತನ್ನ ತೂಕಕ್ಕೆ ತಾನೇ ಕುಸಿದು, ತಿರುಗುತ್ತ ತಟ್ಟೆಯಂತೆ ಚಪ್ಪಟೆಯಾಯಿತು. ನಡುವೆ ಸೇರಿದ್ದು ಸೂರ್ಯ. ಸುತ್ತಲಿನ ಧೂಳು ಒಂದಕ್ಕೊಂದು ಅಂಟಿ ಕಲ್ಲಾಗಿ, ಕಲ್ಲು ಕಲ್ಲು ಸೇರಿ ಗ್ರಹಗಳಾದವು.

"ರೊಟ್ಟಿ ಬಡದಂಗ," ಎಂದಳು ಆಯಿ. "ಮುದ್ದಿ ತಿರುಗಿಸ್ಕೋತ ಬಡದ್ರ ಚಪ್ಪಟಿ ಆಗೂದಿಲ್ಲೇನ್?"

"ಇಲ್ಲಿ ಬಡ್ಯಾವ್ರು ಯಾರೂ ಇಲ್ಲ ಆಯಿ. ತಿರುಗೂದಕ್ಕ ತಾನ ಚಪ್ಪಟಿ ಆತು."

ಆಯಿ ಇದನ್ನು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಇನ್ನೂ ಹತ್ತಿಪ್ಪತ್ತು ಎಳೆ ಕೆಚ್ಚಿದಳು. ಆಮೇಲೆ ತಲೆಯೆತ್ತದೆ ಕೇಳಿದಳು. "ಅಲ್ಲಬೇ, ಈ ಹಾಸು ಹಿಂದಿನ ಸೀರಿಗೆ ಕೆಚ್ಚೀನಿ. ಅದನ್ನ ಅದರ ಹಿಂದಿಂದಕ್ಕ ಕೆಚ್ಚಿದ್ದೆ. ನೀ ಹೇಳೂ ಹಾಸಿನ ಮೊದಲ್ನೇ ತುದಿ ಯಾವುದಕ್ಕ ಕೆಚ್ಚಿದ್ರು?"

ನಾನು ಡೈರಿ ತೆರೆದು ನೋಡಿದೆ, ಅದರಲ್ಲಿ ಉತ್ತರ ಇರುವ ಹಾಗೆ. "ಗೊತ್ತಿಲ್ಲ ಆಯಿ. ಅಲ್ಲಿಂದಾನ ಕಾಲ ಚಾಲೂ ಆತು ಅಂತಾರ ಕೆಲವ್ರು. ಅದಕ್ಕೂ ಮೊದ್ಲ ಏನೋ ಇತ್ತು ಅಂತಾರ ಕೆಲವ್ರು. ಖರೇ ಯಾವುದು ಅಂತ ಯಾರಿಗೂ ಗೊತ್ತಿಲ್ಲ."

"ನಮ್ಮ ಮಗ್ಗಕ್ಕೂ ಹಂಗ ನೋಡು," ಎಂದಳು. "ಖಾಲಿ ಹಣಿಗಿಗೆ ಯಾರೋ ಒಬ್ರು ಒಂದೊಂದ ಎಳಿ ತೂರಿಸಿ ಇಟ್ಟಿರಬೇಕು. ನಾ ಈ ಮನಿಗೆ ಸೊಸಿಯಾಗಿ ನಡ್ಯಾಕ ಬಂದಾಗ ಹಣಿಗ್ಯಾಗ ಎಳಿ ಇದ್ವು. ಹಣಿಗಿ ಹಾಳಾದ್ರ ಬದಲಿ ಮಾಡಸ್ತಿದ್ರು, ಆದ್ರೂ ಎಳಿ ಸಮೇತ ನೋಡೇನಿ. ಖಾಲಿ ಹಣಿಗಿ ನಾ ನೋಡೇ ಇಲ್ಲ."

ಐದನೆಯ ತಾರೀಖಿನ ಪುಟದಲ್ಲಿ ಈ ಪ್ರಶ್ನೆಯನ್ನು ಬರೆದು, ಮುಂದೆ ಖಾಲಿ ಬಿಟ್ಟಿದ್ದೇನೆ.

ಆರರಿಂದ ಅವ್ವ ನೇಯಲು ಕೂತಳು. ಮೊದಲ ದಿನ ಒಂದೂವರೆ ಮೊಳ, ಮರುದಿನ ಎರಡು, ಎಂಟರಂದು ಎರಡೂ ಕಾಲು. ಲಾಳಿ ಅತ್ತಿಂದಿತ್ತ ಹೋಗುವುದನ್ನು ನಾನು ಒಂದು ಬೆರಳಷ್ಟು ನೇಯ್ಗೆಗೆ ಎಣಿಸಿದೆ. ಅಡ್ಡ ಎಳೆ, ಅಂದರೆ ಹೊಕ್ಕು, ನಲವತ್ತೆಂಟು. ಗುಣಿಸಿದರೆ ಒಂದು ಹೊಕ್ಕಿಗೆ ಎಂಟೂವರೆ ಲಕ್ಷ ವರ್ಷಕ್ಕಿಂತ ಸ್ವಲ್ಪ ಹೆಚ್ಚು. ನಮ್ಮಂಥ ಮನುಷ್ಯರು ಹುಟ್ಟಿ ಮೂರು ಲಕ್ಷ ವರ್ಷವಾಯಿತು ಎನ್ನುತ್ತಾರೆ. ಹದಿನಾಲ್ಕು ಮೊಳದ ಸೀರೆಯಲ್ಲಿ ನಾವೆಲ್ಲ ಸೇರಿ ಕೊನೆಯ ಹೊಕ್ಕಿನ ಮೂರನೇ ಒಂದು ಪಾಲು. ಅವ್ವನಿಗೆ ಹೇಳಿದೆ. "ಹಂಗಾರ ಲಾಳಿ ಇನ್ನೂ ಆ ಕಡಿ ಮುಟ್ಟೇ ಇಲ್ಲ," ಎಂದು ಲಾಳಿ ಹೊಡೆದಳು.

ಒಂಬತ್ತರಂದು ರೋಣದಲ್ಲಿ ಪಾಠ. ಹಸಿರು ಹುರಿಗೆ ಕಾಗದದ ಚೀಟಿ ಅಂಟಿಸಿ, ಕರಿಹಲಗೆಯಿಂದ ಹಿಂದಿನ ಬಾಗಿಲಿನವರೆಗೆ ಕಟ್ಟಿದೆ. ಮಕ್ಕಳು ಹುರಿಯ ಪಕ್ಕದಲ್ಲಿ ನಡೆದುಕೊಂಡು ಹೋಗಬೇಕು. ಮಲಪ್ರಭೆಯ ದಂಡೆಯ ಮೆಣಸಗಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿಯೊಬ್ಬಳು ಭೂಮಿಯ ಚೀಟಿಯ ಹತ್ತಿರ ನಿಂತಳು.

"ಟೀಚರ್, ಭೂಮಿಗೆ ನೀರು ಎಲ್ಲಿಂದ ಬಂತ್ರಿ?"

"ನಿಮ್ಮೂರಾಗ ಎಲ್ಲಿಂದ ಬರ್ತೈತಿ?" ಎಂದು ಕೇಳಿದೆ.

"ಮಳಿಗಾಲದಾಗ ಹೊಳಿ ತುಂಬಿದ್ರ ಹೊಳಿಂದ ಸೀದಾ ಅಡಗಿಮನಿಗೆ ಬರ್ತೈತ್ರಿ," ಎಂದಳು. ತರಗತಿ ನಕ್ಕಿತು, ಅವಳೂ ನಕ್ಕಳು. ಭೂಮಿಯಾದ ಕಲ್ಲು ಧೂಳಿನ ಜೊತೆಗೇ ನೀರಿನ ದೊಡ್ಡ ಪಾಲು ಬಂದಿರಬೇಕು, ಆಮೇಲೆ ಬಂದು ಬಿದ್ದ ಹಿಮದ ಕಲ್ಲುಗಳೂ ತಂದಿರಬಹುದು, ವಿಜ್ಞಾನಿಗಳ ನಡುವೆ ಇದಿನ್ನೂ ಪೂರ್ತಿ ತೀರ್ಮಾನವಾಗಿಲ್ಲ ಎಂದೆ. ಆಯಿಯ ಪ್ರಶ್ನೆಯನ್ನೂ ಅವರ ಮುಂದಿಟ್ಟೆ. ಸರ್ ಟಿಪ್ಪಣಿಯಲ್ಲಿ ಬರೆದರು: ಉಪಕರಣ ಉತ್ತಮ, 'ಗೊತ್ತಿಲ್ಲ' ಎಂಬ ಮಾತು ಎರಡು ಬಾರಿ ಬಂದಿದೆ. ಅದು ಹೊಗಳಿಕೆಯೋ ದೂರೋ ಕೇಳಲಿಲ್ಲ. ಶಾಲೆಯವರು ಹುರಿಯನ್ನು ಗೋಡೆಗೆ ಹಾಕಲು ಇಟ್ಟುಕೊಂಡರು. ನಾನು ಖುಷಿಯಿಂದ ಕೊಟ್ಟು ಬಂದೆ.

ಹತ್ತರ ಸಂಜೆಗೆ ಅವ್ವನ ನೇಯ್ಗೆ ಸರಿಯಾಗಿ ಒಂಬತ್ತು ಮೊಳ. ಹನ್ನೊಂದರ ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದೆ. ಮಗ್ಗದ ಸದ್ದು ನಿಂತಿತು. ಅವ್ವ ಕರೆಯಲಿಲ್ಲ. ನಾನೇ ಹೋಗಿ ನೋಡಿದೆ. ಅಂಚಿನ ಹತ್ತಿರ ಒಂದು ಬೆರಳಗಲದ ಎಳೆಗಳು ಹರಿದು ಕೆಳಗೆ ಜೋತು ಬಿದ್ದಿದ್ದವು. ಗಂಟಿನಡಿಯಲ್ಲಿ ಗಂಜಿ ಒಣಗಿ ಎಳೆಗಳು ಕಡ್ಡಿಯ ಹಾಗೆ ಒಂದಕ್ಕೊಂದು ಅಂಟಿದ್ದವು. ಆ ಕಡ್ಡಿ ಹಣಿಗೆಗೆ ಸಿಕ್ಕಿ ಎಲ್ಲವೂ ಒಟ್ಟಿಗೆ ತುಂಡಾಗಿದ್ದವು.

ಅವ್ವ ಆ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದಿದ್ದಳು. "ಎಲ್ಲಾ ಬಿಚ್ಚೇನಿ ಅಂದಿದ್ದಿ."

"ಹತ್ತು ಬಿಚ್ಚೇನವ್ವ. ಬರದೇನಿ."

"ಹಂಗಾರ ಇದ್ಯಾವುದು?"

ನಾನು ಓಡಿಹೋಗಿ ಡೈರಿ ತಂದೆ. ಆರನೆಯ ಸಾಲು ನೋಡಿದೆ. "ಸೂರ್ಯ," ಎಂದೆ.

ಅವ್ವ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕುಣಿಯಲ್ಲಿ ಕೂತಲ್ಲೇ ಎಳೆ ಎಣಿಸಿದಳು, ನಾನೂ ಎಣಿಸಿದೆ. ನಲವತ್ತಮೂರು. "ಹಸರ ನೂಲ ಎಲ್ಲೈತಿ?" ಎಂದು ಕೇಳಿದಳು. ಕೇಳಿದ ಮೇಲೆ ಅವಳಿಗೇ ನೆನಪಾಯಿತು.

"ರೋಣಕ್ಕ ಹೋಗಿ ಈಗ ತರ್ತೇನಿ," ಎಂದೆ.

"ಹುರಿ ಮಾಡಿ, ಅಂಟು ಬಡದು, ಗ್ವಾಡಿಗೆ ಹಚ್ಚಿದ್ದು ತಂದು ಏನ್ ಮಾಡ್ಲಿ?"

ಲಾಳಿಯಲ್ಲಿದ್ದ ಹೊಕ್ಕಿನ ನೂಲು ಸಣ್ಣದು, ಹಾಸಿನ ಬಿಗಿಗೆ ತಡೆಯುವುದಿಲ್ಲ. ಮತ್ತೆ ಬಣ್ಣ ಹಾಕಿಸಿದರೆ ಅದೇ ಹಸಿರು ಬರುವುದಿಲ್ಲ, ಬರುವವರೆಗೆ ದಿನವೂ ಇಲ್ಲ. ಸೆರಗಿನ ರೇಷ್ಮೆಯನ್ನು ಹತ್ತಿಗೆ ಜೋಡಿಸಿದರೆ ಒಂದು ಬಿಗಿಯುತ್ತದೆ, ಒಂದು ಸಡಿಲುತ್ತದೆ. ಆಯಿ ರಾಟೆ ಬಿಟ್ಟು ಎದ್ದಳು. ಗೋಡೆಯ ಗೂಟಕ್ಕೆ ನೇತುಹಾಕಿದ್ದ ಚೀಲ ಇಳಿಸಿದಳು. ಮುಗಿದ ಸೀರೆಗಳಿಂದ ಕತ್ತರಿಸಿದ ತುಂಡು ಎಳೆಗಳನ್ನು ನಮ್ಮ ಮನೆಯಲ್ಲಿ ಎಸೆಯುವುದಿಲ್ಲ, ಆ ಚೀಲಕ್ಕೆ ಹಾಕುತ್ತೇವೆ. ಅದರಲ್ಲಿ ಹತ್ತಿಯದು, ಇದೇ ದಪ್ಪದ್ದು, ಗೇಣುದ್ದ ಇರುವುದು ಒಂದೇ ಬಣ್ಣ ಸಿಕ್ಕಿತು. ದಾಳಿಂಬೆ.

"ಹಸರಾಗ ಕೆಂಪು ಕಾಣ್ತೈತಿ," ಎಂದಳು ಅವ್ವ.

"ತೂತ ಕಾಣೂದಕ್ಕಿಂತ ಚಲೋ," ಎಂದಳು ಆಯಿ. "ಎಳಿ ಹರಿಯೂದಿಲ್ಲ ಅಂದಾಕಿ ನೀನ."

ಅತ್ತೆ ಸೊಸೆ ಎದುರುಬದುರು ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಮಧ್ಯಾಹ್ನದವರೆಗೆ ನಲವತ್ತಮೂರು ಕೆಂಪು ತುಂಡುಗಳನ್ನು ಹಸಿರಿಗೆ ಜೋಡಿಸಿದರು. ಒಂದೊಂದು ತುಂಡಿಗೆ ಎರಡು ಗಂಟು, ಒಟ್ಟು ಎಂಬತ್ತಾರು. ನಾನು ತುಂಡು ಆರಿಸಿ ಕೊಡುತ್ತಿದ್ದೆ. ಆಗ ನನಗೆ ಒಂದು ವಿಷಯ ಹೊಳೆಯಿತು, ಆದರೆ ಹೇಳುವ ಹೊತ್ತು ಅದಾಗಿರಲಿಲ್ಲ. ನಮ್ಮ ಸೂರ್ಯನೂ ಹೀಗೆ. ಅವನೊಳಗೆ ಇರುವ ಕಬ್ಬಿಣ, ನಮ್ಮ ರಕ್ತದಲ್ಲಿರುವ ಕಬ್ಬಿಣ, ಅವನಿಗಿಂತ ಮೊದಲು ಉರಿದು ಮುಗಿದ ನಕ್ಷತ್ರಗಳಿಂದ ಬಂದದ್ದು. ಆ ನಕ್ಷತ್ರಗಳು ಯಾವುವು, ಎಲ್ಲಿದ್ದವು, ಯಾರಿಗೂ ಗೊತ್ತಿಲ್ಲ. ತರಗತಿಯಲ್ಲಿ ಇದನ್ನೇ ನಾನು ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಒಂಬತ್ತು ಮೊಳ ಐದು ಬೆರಳಿನಲ್ಲಿ ಅವ್ವನ ಕೈಯೊಳಗೆ ಅದು ನಡೆಯುವಾಗ ನನ್ನ ಕಣ್ಣು ತುಂಬಿತ್ತು. ಅದು ನಕ್ಷತ್ರಗಳಿಗಾಗಿ ಅಲ್ಲ. ಒಂದು ತಪ್ಪೂ ಇರಬಾರದು ಎಂದಿದ್ದ ಸೀರೆಗೆ ನಾನು ಮಾಡಿದ್ದು ನೆನೆದು.

ಸಂಜೆ ಅಕ್ಕನಿಗೆ ಫೋನ್ ಮಾಡಿ ನಾನೇ ಹೇಳಿದೆ. ಅವಳು ಮೊದಲು ನಕ್ಕಳು. "ನನ್ನ ಸೀರ್ಯಾಗ ಸೂರ್ಯಾನ್ನ ಕೂಡ್ರಿಸಿದ್ಯಾ? ಚಂದ್ರಗ ಜಾಗಾ ಬಿಟ್ಟೀಯೋ ಇಲ್ಲೋ?" ಆಮೇಲೆ ದನಿ ಇಳಿಸಿದಳು. "ಅತ್ತಿ ನೋಡೇ ನೋಡ್ತಾರ ಬೇ. ಅವ್ವಗ ಕೆಟ್ಟ ಅನಸ್ತೈತಿ."

ಹದಿನೈದಕ್ಕೆ ಸೀರೆ ಮಗ್ಗದಿಂದ ಇಳಿಯಿತು. ಕೆಂಪು ಪಟ್ಟಿ ಒಂದು ಬೆರಳಗಲ, ಒಂದು ಗೇಣುದ್ದ. ಅವ್ವ ಅದನ್ನು ಮಡಚಿ ಟ್ರಂಕಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಒಂದು ತಾಸಿನ ಮೇಲೆ ಅಂಗಡಿಯ ಹಸಿರು ಸೀರೆಯೊಂದನ್ನು ಕೈಯಲ್ಲಿ ಹಿಡಿದು ಬಂದಳು. ಮರುದಿನ ನರಗುಂದದ ಬಸ್ಸಿನಲ್ಲಿ ಅಂಗಡಿಯ ಸೀರೆ ಚೀಲದ ಮೇಲಿತ್ತು, ಅವ್ವನ ಸೀರೆ ತಳದಲ್ಲಿತ್ತು. ಕಡಲೆ ಕಿತ್ತ ಕರಿ ಹೊಲಗಳು ಕಿಟಕಿಯಲ್ಲಿ ಹಿಂದೆ ಹೋಗುತ್ತಿದ್ದವು. ಅವ್ವ ದಾರಿಯುದ್ದಕ್ಕೂ ಚೀಲದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

ಅಕ್ಕನ ಮನೆಯಲ್ಲಿ ಅವ್ವ ಪರಾತದ ಅಗಲ ತಟ್ಟೆಯಲ್ಲಿ ಉಡಿ ತುಂಬುವ ಸಾಮಾನು ಜೋಡಿಸಿ, ಮೇಲೆ ಅಂಗಡಿಯ ಸೀರೆ ಇಟ್ಟಳು. ಅಕ್ಕ ಅದನ್ನು ನೋಡಿ ಮುಖ ಸಣ್ಣ ಮಾಡಿದಳು. "ಅವ್ವಾ, ನನ್ನ ಸೀರಿ ಎಲ್ಲೆ?"

"ಇದ ನಿನ್ನ ಸೀರಿ."

"ಇನ್ನೊಂದು ಐತೇನ್ರಿ ಬೀಗತಿ?" ಅಕ್ಕನ ಅತ್ತೆ ಒಳಗಿನಿಂದ ಬಂದು ಕೂತರು.

ಅವ್ವ ಚೀಲದ ತಳಕ್ಕೆ ಕೈ ಹಾಕಿ ತನ್ನ ಸೀರೆ ತೆಗೆದಳು. ಸೆರಗು ತೋರಿಸಲಿಲ್ಲ, ದಡಿ ತೋರಿಸಲಿಲ್ಲ. ಮಡಿಕೆ ಬಿಡಿಸಿ, ಕೆಂಪು ಪಟ್ಟಿ ಇದ್ದ ಜಾಗವನ್ನೇ ತಾನಾಗಿ ಹುಡುಕಿ, ಬೀಗತಿಯ ತೊಡೆಯ ಮೇಲೆ ಹರಡಿದಳು. "ನಾ ನೇಯ್ದದ್ರಿ. ಇಲ್ಲಿ ತಪ್ಪೈತ್ರಿ. ಅದಕ್ಕ ಬ್ಯಾರೆ ತಂದೇನ್ರಿ."

ಅವರು ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಸವರಿದರು. "ಇದು ಯಾಕ ಹಿಂಗಾತ್ರಿ?"

ಅವ್ವ ನನ್ನ ಕಡೆ ನೋಡಿದಳು. ಐದು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗೆ ಇತ್ತು. "ಇಕಿ ನನ್ನ ಹಾಸಿನ ಮ್ಯಾಲೆ ಸೂರ್ಯಾನ್ನ ಕಟ್ಟಿದ್ಲ್ರಿ. ಬಿಚ್ಚೂದು ಮರತ್ಲು."

"ಏನ್ ಕಟ್ಟಿದ್ಲು?"

ನಾನು ಹೇಳಬೇಕಾಯಿತು. ಹದಿನಾಲ್ಕು ಮೊಳ, ಮೊಳಕ್ಕೆ ನೂರು ಕೋಟಿ ವರ್ಷ, ಒಂಬತ್ತು ಮೊಳ ಐದು ಬೆರಳಿಗೆ ಸೂರ್ಯ. ಹಳೆಯ ನಕ್ಷತ್ರಗಳ ಧೂಳು ಅವನೊಳಗೆ ಸೇರಿದ್ದನ್ನೂ ಹೇಳಿದೆ. ಅವರು ನಗಲಿಲ್ಲ. ಸೀರೆ ಹಿಡಿದುಕೊಂಡೇ ಕೇಳಿಸಿಕೊಂಡರು.

"ಈ ಕೆಂಪು ಯಾರ ಸೀರೀದ್ರಿ?" ಎಂದು ಅವ್ವನನ್ನು ಕೇಳಿದರು.

"ಹಿಂದಿನ ಸೀರೀದ್ರಿ. ಯಾಪಾರಿ ಒಯ್ದಾನ್ರಿ. ಯಾರ್ ಉಟ್ಟಾರೋ ಏನೋ."

ಅವರು ಪಟ್ಟಿಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. "ನಮ್ಮ ಹೊಲದಾಗ ಈ ಸಲ ಜ್ವಾಳ ಬಿತ್ತೀವ್ರಿ. ನಡುವ ಹೋದ ವರ್ಷದ ಕಡ್ಲಿ ಗಿಡ ಅಲ್ಲೊಂದು ಇಲ್ಲೊಂದು ಎದ್ದಾವ. ನಾವು ಬಿತ್ತಿಲ್ಲ, ಕಿತ್ತೂ ಇಲ್ಲ." ಅಂಗಡಿಯ ಸೀರೆಯನ್ನು ಪರಾತದಿಂದ ತೆಗೆದು ಪಕ್ಕಕ್ಕಿಟ್ಟರು. "ಇದನ್ನ ನಾ ಉಡ್ತೇನಿ. ಅಕಿ ಅವ್ವ ನೇಯ್ದದ್ದು ಅಕಿ ಉಡ್ಲಿ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಳಕೋಣೆಯಲ್ಲಿ ಅಕ್ಕನಿಗೆ ಸೀರೆ ಉಡಿಸಿದವಳೂ ಅವಳೇ. ಪಟ್ಟಿ ನಿರಿಗೆಯಲ್ಲಿ ಹೋಗುವ ಹಾಗೆ ಹಿಡಿಯುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಹಿಡಿದಳು ಕೂಡ. ಆದರೆ ಏಳು ತಿಂಗಳ ಹೊಟ್ಟೆಯ ಕೆಳಗೆ ನಿರಿಗೆ ಒತ್ತಾಗಿ ನಿಲ್ಲಲಿಲ್ಲ. ಅಕ್ಕ ಹೆಜ್ಜೆಯಿಟ್ಟಾಗ ಅವು ಬಿಚ್ಚಿಕೊಂಡು ಕೆಂಪು ಕಾಣುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಒಳಕೋಣೆಯ ಹೊಸ್ತಿಲಿನಿಂದ ಮಣೆಯವರೆಗೆ ಹನ್ನೊಂದು ಹೆಜ್ಜೆ. ನಾನು ಎಣಿಸಿದೆ. ಅದರಲ್ಲಿ ಕೆಂಪು ಕಂಡದ್ದು ನಾಲ್ಕು ಸಲ.

ಮರಳುವ ಬಸ್ಸಿನಲ್ಲಿ ಡೈರಿ ಬರೆಯುವಾಗ ಅವ್ವ ಬಗ್ಗಿ ನೋಡಿದಳು. "ನಾಕಲ್ಲ, ಐದು," ಎಂದಳು. ಅವಳೂ ಎಣಿಸಿದ್ದಳು. ನನ್ನದನ್ನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಅವಳದನ್ನೂ ಬರೆದೆ. ಆಮೇಲೆ ಫೆಬ್ರವರಿ ಮೂರರ ಪುಟಕ್ಕೆ ಹಿಂದೆ ಹೋಗಿ, ಆರನೆಯ ಸಾಲನ್ನು ಎರಡು ಮಾಡಿದೆ.